ಲಾಸ್ಟ್ ಬೆಂಚ್ ಇಲ್ಲದ ಕೋಣೆ

ಮೆಡಿಕಲ್ ಕಾಲೇಜಿನ ಲೆಕ್ಚರ್ ಹಾಲ್ ಕಟ್ಟಿದ ಇಂಜಿನಿಯರ್ ಪುಣ್ಯಾತ್ಮ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಆ ಗ್ಯಾಲರಿಯಲ್ಲಿ ನೂರೈವತ್ತು ಮಂದಿಗೆ ಕೂರುವ ಜಾಗವಿದೆ, ನೂರು ಮಂದಿಗಾದರೂ ಕಣ್ಣು ಬಿಟ್ಟುಕೊಂಡೇ ನಿದ್ದೆ ಹೋಗುವ ಸೌಕರ್ಯವಿದೆ. ಮಧ್ಯಾಹ್ನ ಎರಡು ಗಂಟೆ, ಹೊಟ್ಟೆಯಲ್ಲಿ ಹಾಸ್ಟೆಲ್ ಮೆಸ್ಸಿನ ಅನ್ನ-ಸಾರು, ಪರದೆಯ ಮೇಲೆ ಪಿಪಿಟಿ, ಲೈಟು ಆಫ್. ಅಂಥ ಹೊತ್ತಿನಲ್ಲಿ ಎಚ್ಚರವಾಗಿರುವವನಿಗೇ ಏನೋ ಕಾಯಿಲೆ ಇರಬೇಕೆಂದು ಮೆಡಿಸಿನ್ ವಿಭಾಗದ ಮೇಷ್ಟ್ರಾದ ನನ್ನ ನಂಬಿಕೆ. ನಾನೂ ಸ್ಲೈಡಿನಲ್ಲಿದ್ದದ್ದನ್ನೇ ಓದುತ್ತಾ, ಯಾರ ನಿದ್ದೆಗೂ ಭಂಗ ಬಾರದಂತೆ ಒಂದೇ ಶ್ರುತಿಯಲ್ಲಿ ಮಾತಾಡುತ್ತೇನೆ. ಅವರು ನನ್ನ ತಂಟೆಗೆ ಬರುವುದಿಲ್ಲ, ನಾನು ಅವರ ತಂಟೆಗೆ ಹೋಗುವುದಿಲ್ಲ.

ಈ ಸುಖಕ್ಕೆ ಹುಳಿ ಹಿಂಡಿದ್ದು ಟ್ಯುಟೋರಿಯಲ್.

ಟ್ಯುಟೋರಿಯಲ್ ಎಂಬುದು ಟೈಮ್‌ಟೇಬಲ್ಲಿನಲ್ಲಿ ಮೊದಲೂ ಇತ್ತು. ಆದರೆ 2019ರಲ್ಲಿ ಎಂಬಿಬಿಎಸ್‌ಗೆ ಸಿಬಿಎಂಇ ಎಂಬ ಸಾಮರ್ಥ್ಯ ಆಧಾರಿತ ಹೊಸ ಪಠ್ಯಕ್ರಮ ಬಂದಮೇಲೆ ಅದಕ್ಕೆ ಎಲ್ಲಿಲ್ಲದ ಮರ್ಯಾದೆ ಬಂತು. ಒಟ್ಟು ಅವಧಿಯಲ್ಲಿ ಲೆಕ್ಚರು ಮೂರನೇ ಒಂದು ಭಾಗ ಮೀರಕೂಡದು. ಮಿಕ್ಕಿದ್ದೆಲ್ಲ ಪ್ರಾಕ್ಟಿಕಲ್, ಕ್ಲಿನಿಕ್, ಗುಂಪು ಚರ್ಚೆ ಎಂದು ನಿಯಮ. ಜೊತೆಗೆ ಲಾಗ್‌ಬುಕ್ ಬೇರೆ. ಚರ್ಚೆ ಹೇಗೆ ನಡೆಯಿತು ಎಂಬುದಕ್ಕಿಂತ ಚರ್ಚೆ ನಡೆಯಿತು ಎಂಬುದಕ್ಕೆ ನನ್ನ ಸಹಿ ಬಿದ್ದಿದೆಯೇ ಎಂಬುದೇ ಮುಖ್ಯ. ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಬಾತ್‌ರೂಮಿಗೆ ಹೊರಟರೂ ಹಿಂದಿನಿಂದ ‘ಸರ್, ಒಂದು ಸೈನ್’ ಎಂಬ ಧ್ವನಿ ತಪ್ಪಿದ್ದಲ್ಲ.

ಟ್ಯುಟೋರಿಯಲ್ ನಡೆಯುವುದು ವಾರ್ಡಿಗೆ ಅಂಟಿಕೊಂಡ ಡೆಮೊ ರೂಮಿನಲ್ಲಿ. ಎಕ್ಸ್‌ರೇ ನೋಡುವ ಪೆಟ್ಟಿಗೆಯ ಎರಡು ಟ್ಯೂಬುಗಳಲ್ಲಿ ಒಂದು ಉರಿಯುತ್ತದೆ, ಇನ್ನೊಂದು ಉರಿಯಲೋ ಬೇಡವೋ ಎಂದು ಯೋಚಿಸುತ್ತಿರುತ್ತದೆ. ಬೆನ್ನಿಲ್ಲದ ಸ್ಟೂಲುಗಳು. ಒರಗಿಕೊಳ್ಳುವಂತಿಲ್ಲ, ಆದ್ದರಿಂದ ನಿದ್ದೆ ಮಾಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಅನ್ಯಾಯವೆಂದರೆ ವೃತ್ತಾಕಾರದಲ್ಲಿ ಕೂರಬೇಕು. ವೃತ್ತಕ್ಕೆ ಲಾಸ್ಟ್ ಬೆಂಚ್ ಇಲ್ಲ. ತಲೆತಲಾಂತರದಿಂದ ಬಂದ ಒಂದು ಸಂಸ್ಥೆಯನ್ನು ಹೀಗೆ ಒಂದೇ ಏಟಿಗೆ ಅಳಿಸಿಹಾಕಿದರೆ ಹುಡುಗರು ಸುಮ್ಮನಿರುತ್ತಾರೆಯೇ? ಅವರು ಹೊಸ ಲಾಸ್ಟ್ ಬೆಂಚ್ ಕಂಡುಹಿಡಿದರು. ಅದು ಮೇಷ್ಟ್ರ ಪಕ್ಕದ ಸ್ಟೂಲು! ಪ್ರಶ್ನೆ ಕೇಳುವ ಮೇಷ್ಟ್ರ ಕಣ್ಣು ಯಾವಾಗಲೂ ಎದುರಿಗೆ ಹೋಗುತ್ತದೆಯೇ ಹೊರತು ಮೊಣಕೈ ಪಕ್ಕಕ್ಕೆ ಹೋಗುವುದಿಲ್ಲ. ಬ್ಯಾಚಿನ ಅತಿ ಸೋಮಾರಿ ಯಾರೆಂದು ತಿಳಿಯಬೇಕಿದ್ದರೆ, ನನಗೆ ಅಂಟಿಕೊಂಡು, ಮುಖದಲ್ಲಿ ಭಯಭಕ್ತಿ ತುಂಬಿಕೊಂಡು ಕೂತವನನ್ನು ನೋಡಿದರೆ ಸಾಕು.

ಇನ್ನು ಪ್ರಶ್ನೆ. ‘ಈ ರೋಗಿಗೆ ಕಾಲು ಊದಿಕೊಂಡಿದೆ. ಯಾಕಿರಬಹುದು?’ ಎಂದು ಕೇಳುತ್ತೇನೆ. ಮೌನ. ಹನ್ನೆರಡು ಜೊತೆ ಕಣ್ಣುಗಳು ನೆಲದ ಟೈಲ್ಸ್ ಎಣಿಸಲು ತೊಡಗುತ್ತವೆ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದಿದ್ದರು. ಶಾಲೆಯ ಮೇಷ್ಟ್ರುಗಳು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಬಾಯಿ ಬಿಡುತ್ತಾರೆ. ಇದನ್ನು ಓದಿ ನಾನೂ ಕಾಯುವ ಸಂಕಲ್ಪ ಮಾಡಿದೆ. ಒಂದು... ಎರಡು... ಮೇಲೆ ಫ್ಯಾನು ಕಿರ್ ಎನ್ನುತ್ತಿದೆ. ಮೂರು... ಮೌನ ಸಹಿಸುವ ಶಕ್ತಿ ಹುಡುಗರಿಗೆ ಇದ್ದಷ್ಟು ಮೇಷ್ಟ್ರಿಗೆ ಇರುವುದಿಲ್ಲ. ‘ನೋಡಿ, ಮೂರು ಕಾರಣ. ಹೃದಯ, ಮೂತ್ರಪಿಂಡ, ಲಿವರ್...’ ಎಂದು ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಆ ಕ್ಷಣವೇ ಹನ್ನೆರಡು ಪೆನ್ನುಗಳ ಕ್ಯಾಪು ಕಳಚುತ್ತದೆ. ಕೋಣೆಯಲ್ಲಿ ನೆಮ್ಮದಿಯ ಉಸಿರು. ಟ್ಯುಟೋರಿಯಲ್ ಮುಗಿಯಿತು, ಲೆಕ್ಚರ್ ಶುರುವಾಯಿತು.

ಬಹಳ ದಿನ ನಾನು ಇದನ್ನು ಹುಡುಗರ ಸೋಮಾರಿತನ ಎಂದುಕೊಂಡಿದ್ದೆ. ಈಗ ಅನ್ನಿಸುವುದು, ಇದು ಎರಡೂ ಪಕ್ಷಗಳು ಒಪ್ಪಿ ಮಾಡಿಕೊಂಡ ರಾಜಿ. ಗ್ಯಾಲರಿಯಲ್ಲಿ ಅವರು ಕತ್ತಲಲ್ಲಿ ಅಡಗಿದರೆ ನಾನು ಪಿಪಿಟಿಯ ಹಿಂದೆ ಅಡಗುತ್ತೇನೆ. ಸಣ್ಣ ಕೋಣೆಯಲ್ಲಿ ಇಬ್ಬರಿಗೂ ಮರೆಯಿಲ್ಲ. ಯಾರಾದರೂ ಬಾಯಿ ತೆರೆದು, ‘ಸರ್, ಹಾಗಾದರೆ ಒಂದೇ ಕಾಲು ಯಾಕೆ ಊದಿದೆ?’ ಎಂದು ಕೇಳಿಬಿಟ್ಟರೆ ನನ್ನ ಮೂರು ಕಾರಣಗಳ ಗತಿಯೇನು? ಹಾಗಾಗಿ ಅವರು ಕೇಳದಿರಲಿ ಎಂದು ನಾನು ಮಾತಾಡುತ್ತೇನೆ, ನಾನು ಕೇಳದಿರಲಿ ಎಂದು ಅವರು ಬರೆದುಕೊಳ್ಳುತ್ತಾರೆ.

ಈ ರಾಜಿಯನ್ನು ಮುರಿಯಲು ದೊಡ್ಡ ದೊಡ್ಡವರೇ ಹೊರಟಿದ್ದರು. ಕೆನಡಾದ ಹ್ಯಾಮಿಲ್ಟನ್‌ನ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ 20 ವಿದ್ಯಾರ್ಥಿಗಳ ಮೊದಲ ತಂಡವನ್ನು ಸೇರಿಸಿಕೊಂಡು, ಮೊದಲು ರೋಗಿಯ ಸಮಸ್ಯೆ, ಆಮೇಲೆ ಪಾಠ ಎಂದು ಪದ್ಧತಿಯನ್ನೇ ತಲೆಕೆಳಗು ಮಾಡಿತು. ಇದೇ ಪಿಬಿಎಲ್, ಅಂದರೆ ಸಮಸ್ಯೆ ಆಧಾರಿತ ಕಲಿಕೆ. ಮೇಷ್ಟ್ರು ಪಾಠ ಹೇಳಕೂಡದು, ಗುಂಪಿನ ಜೊತೆ ಸುಮ್ಮನೆ ಕೂತು ದಾರಿ ತಪ್ಪದಂತೆ ನೋಡಿಕೊಳ್ಳಬೇಕು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನವರು ಅದಕ್ಕೆ ‘ಏಳು ಜಿಗಿತ’ ಎಂಬ ಕ್ರಮ ಹಾಕಿಕೊಟ್ಟರು. ಅರ್ಥವಾಗದ ಪದ ಬಿಡಿಸಿಕೊಳ್ಳಿ, ಸಮಸ್ಯೆ ಏನೆಂದು ಗುರುತಿಸಿ, ತೋಚಿದ್ದೆಲ್ಲ ಹೇಳಿ, ಹೇಳಿದ್ದನ್ನು ಜೋಡಿಸಿ, ಏನು ಗೊತ್ತಿಲ್ಲವೋ ಪಟ್ಟಿ ಮಾಡಿ, ಹೋಗಿ ಓದಿ, ಮತ್ತೆ ಬಂದು ಒಪ್ಪಿಸಿ.

ನಮ್ಮ ಹುಡುಗರು ಆರೋಗ್ಯವಂತರು, ಏಳನ್ನೂ ಒಂದೇ ನೆಗೆತಕ್ಕೆ ದಾಟುತ್ತಾರೆ. ಕೇಸು ಬರೆದ ಹಾಳೆ ಕೈಗೆ ಬರುತ್ತಿದ್ದಂತೆ ಒಬ್ಬ ಟೇಬಲ್ಲಿನ ಕೆಳಗೆ ಮೊಬೈಲಿನಲ್ಲಿ ರೋಗಲಕ್ಷಣ ಟೈಪು ಮಾಡಿ ಡಯಾಗ್ನೋಸಿಸ್ ತೆಗೆದಿರುತ್ತಾನೆ. ಅಕ್ಷರ ಚೆನ್ನಾಗಿರುವ ಹುಡುಗಿ ಬೋರ್ಡಿನ ಮುಂದೆ ನಿಂತಿರುತ್ತಾಳೆ. ಐದೂ ವರ್ಷ ಅವಳೇ ನಿಂತಿರುತ್ತಾಳೆ. ಇನ್ನೊಬ್ಬ ಯಾರು ಏನೇ ಹೇಳಿದರೂ ‘ನಾನೂ ಅದನ್ನೇ ಹೇಳಬೇಕೂಂತಿದ್ದೆ’ ಎಂದು ಹಾಜರಿ ಹಾಕಿಸಿಕೊಳ್ಳುತ್ತಾನೆ. ಹತ್ತು ನಿಮಿಷದಲ್ಲಿ ಚರ್ಚೆ ಮುಗಿದು, ‘ಸರ್, ಎಕ್ಸಾಮಿಗೆ ಇದು ಬರುತ್ತಾ?’ ಎಂಬ ಎಂಟನೆಯ ಜಿಗಿತಕ್ಕೆ ಬರುತ್ತಾರೆ. ಮಾಸ್ಟ್ರಿಕ್ಟ್‌ನವರಿಗೆ ಇದು ಹೊಳೆದಿರಲಿಲ್ಲ.

ರಾಜಿ ತಾನಾಗಿ ಮುರಿದುಬೀಳುವ ಜಾಗ ಒಂದೇ, ರೋಗಿಯ ಮಂಚ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಲೆಕ್ಚರ್ ಹಾಲಿನಿಂದ ಎಬ್ಬಿಸಿ ವಾರ್ಡಿಗೆ ಹೊರಡಿಸಿದ್ದು ಸುಮ್ಮನೆ ಅಲ್ಲ. ಮಂಚದ ಸುತ್ತ ನಿಂತಾಗ ಪಾಠ ಹೇಳುವವರು ಮೇಷ್ಟ್ರೂ ಅಲ್ಲ, ಹುಡುಗರೂ ಅಲ್ಲ, ಮಲಗಿರುವವರು.

ಹಾವೇರಿ ಕಡೆಯ ಒಬ್ಬ ತಾಯಿ. ವಯಸ್ಸು ಐವತ್ತರ ಆಸುಪಾಸು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆ. ಅಂಥವರು ನಮ್ಮ ಪರೀಕ್ಷೆಗಳಿಗೆ ಕಾಯಂ ಅತಿಥಿಗಳು. ಹಿಸ್ಟರಿ ತೆಗೆಯಲು ನಿಂತವನು ಕೇರಳದ ಹುಡುಗ, ಕನ್ನಡವನ್ನು ಪುಸ್ತಕದಿಂದ ಕಲಿತವನು.

‘ಅಮ್ಮಾ, ಎಷ್ಟು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ?’

‘ನಮ್ಮನಿಗೆ ಮೆಟ್ಲ ಎಲ್ಲಿ ಅದಾವೋ ತಮ್ಮಾ?’

ಪಠ್ಯಪುಸ್ತಕದಲ್ಲಿ ಎಲ್ಲ ರೋಗಿಗಳಿಗೂ ಮಹಡಿ ಮನೆ. ಹುಡುಗ ಮುಂದಿನ ಪ್ರಶ್ನೆಗೆ ಹೋದ. ‘ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?’

‘ಇರೂದ ಒಂದ ದಿಂಬು. ಅದನ್ನೂ ಮೊಮ್ಮಗ ಕಸ್ಗೋತಾನ.’

ಹುಡುಗ ನನ್ನ ಮುಖ ನೋಡಿದ. ಆಗ ಮಾತ್ರ ನಾನು ಮೂರು ಸೆಕೆಂಡು ದಾಟಿ ಕಾದೆ, ಯಾಕೆಂದರೆ ಅಲ್ಲಿ ನನಗೂ ಬೇರೆ ಪ್ರಶ್ನೆ ಹೊಳೆದಿರಲಿಲ್ಲ. ಅವನೇ ತಲೆ ಕೆರೆದುಕೊಂಡು ಕೇಳಿದ: ‘ನೀರು ತರುವಾಗ?’

‘ಹಾಂ, ಈಗ ಕೇಳಿದಿ ನೋಡು! ಮದ್ಲ ಎರಡ ಕೊಡ ಒಮ್ಮೆಲೇ ತರ್ತಿದ್ದೆ. ಈಗ ಒಂದ ಕೊಡ ತರೂದ್ರಾಗ ಎರಡ ಕಡೆ ಕುಂದರ್ತೀನಿ.’

ಅದಕ್ಕಿಂತ ಒಳ್ಳೆಯ ಹಿಸ್ಟರಿ ಯಾವ ಪುಸ್ತಕದಲ್ಲಿದೆ? ಅಷ್ಟಕ್ಕೇ ಮುಗಿಯಲಿಲ್ಲ. ಹುಡುಗ ಸ್ಟೆತಾಸ್ಕೋಪಿನ ದೊಡ್ಡ ಬಿಲ್ಲೆಯನ್ನು ಎದೆಯ ಮೇಲೆ ಎಲ್ಲೋ ಇಟ್ಟ. ‘ಅಲ್ಲಲ್ಲ ತಮ್ಮಾ’ ಎಂದು ಆ ತಾಯಿ ತಾವೇ ಎಡಮಗ್ಗುಲಿಗೆ ಹೊರಳಿ, ‘ಸಣ್ಣ ಬಾಯಿಲೆ ಇಡು. ಉಸರ ಬಿಟ್ಟ ಹಿಡೀತೀನಿ, ಲಗೂನ ಕೇಳು’ ಎಂದರು. ಮೈಟ್ರಲ್ ಸ್ಟೆನೋಸಿಸ್‌ನ ಮಂದ್ರಸ್ಥಾಯಿಯ ಮರ್ಮರ್ ಕೇಳಲು ರೋಗಿ ಎಡಕ್ಕೆ ಮಲಗಬೇಕು, ಉಸಿರು ಹೊರಬಿಟ್ಟಿರಬೇಕು, ಸ್ಟೆತಾಸ್ಕೋಪಿನ ಬೆಲ್ ಬಳಸಬೇಕು ಎಂಬುದು ನನ್ನ ಲೆಕ್ಚರಿನ ಇಪ್ಪತ್ತೆರಡನೆಯ ಸ್ಲೈಡು. ಅದನ್ನು ತೋರಿಸುವಾಗ ಇಡೀ ಗ್ಯಾಲರಿ ನಿದ್ದೆಯಲ್ಲಿತ್ತು. ಇಲ್ಲಿ ಅದೇ ಹುಡುಗನ ಹುಬ್ಬು ಮೇಲೇರಿತು. ಕೇಳಿಸಿತು ಎನ್ನಲು ಬೇರೆ ಸಾಕ್ಷಿ ಬೇಕಾಗಲಿಲ್ಲ. ಮಿಕ್ಕವರು ಸಾಲುಗಟ್ಟಿದರು. ನಾಲ್ಕನೆಯವಳ ಹೊತ್ತಿಗೆ ಆ ತಾಯಿ, ‘ಸಾಕ್ರಿ, ಉಳದವರು ಊಟ ಆದಮ್ಯಾಲೆ ಬರ್ರಿ’ ಎಂದು ಕ್ಲಾಸು ಬಿಟ್ಟರು. ನನ್ನ ಯಾವ ತರಗತಿಯೂ ಅಷ್ಟು ಖಡಕ್ಕಾಗಿ ಮುಗಿದಿಲ್ಲ.

ಅಂದಮೇಲೆ ಗುಂಪು ಎಷ್ಟು ಸಣ್ಣದಿರಬೇಕು? ಸೀಟುಗಳೇನೋ ಏರುತ್ತಲೇ ಇವೆ, ಸ್ಟೂಲುಗಳು ಇದ್ದಷ್ಟೇ ಇವೆ. ಹನ್ನೆರಡರ ‘ಸಣ್ಣ ಗುಂಪು’ ಇಪ್ಪತ್ತಾಗಿ, ಮೂವತ್ತಾಗಿ, ಕೊನೆಗೆ ಬಾಗಿಲ ಬಳಿ ನಿಂತವರ ಮೂಲಕ ಲಾಸ್ಟ್ ಬೆಂಚ್ ಮರುಸ್ಥಾಪನೆಗೊಂಡಿದೆ. ನನ್ನ ಲೆಕ್ಕದಲ್ಲಿ ತಲೆ ಎಣಿಸುವುದು ದಂಡ. ‘ಗೊತ್ತಿಲ್ಲ ಸರ್’ ಎಂದು ಒಬ್ಬ ಹೇಳಿದಾಗ ಯಾರೂ ಕಿಸಕ್ಕನೆ ನಗದಿದ್ದರೆ, ‘ನನಗೂ ಗೊತ್ತಿಲ್ಲ, ನಾಳೆ ನೋಡಿಕೊಂಡು ಬರೋಣ’ ಎನ್ನಲು ಮೇಷ್ಟ್ರಿಗೆ ಬಾಯಿ ಬಂದರೆ, ಅದು ಸಣ್ಣ ಗುಂಪು.

ಮರುದಿನ ಹನ್ನೊಂದು ಜನ ನೋಡಿಕೊಂಡು ಬಂದಿರುವುದಿಲ್ಲ. ನನ್ನ ವಿಷಯ ಕೇಳಬೇಡಿ, ಓಪಿಡಿ ಇತ್ತು. ಆದರೆ ಒಬ್ಬಳು ಬಂದಿರುತ್ತಾಳೆ, ಒಂದೇ ಕಾಲು ಊದುವ ಕಾರಣಗಳನ್ನೆಲ್ಲ ಪಟ್ಟಿ ಮಾಡಿಕೊಂಡು. ಅವಳು ಬಾಯಿ ತೆರೆದದ್ದೇ ತಡ, ಮಿಕ್ಕವರೆಲ್ಲ ಪೆನ್ನಿನ ಕ್ಯಾಪು ಕಳಚುತ್ತಾರೆ. ಲೆಕ್ಚರ್ ಮತ್ತೆ ಶುರು. ವ್ಯತ್ಯಾಸ ಇಷ್ಟೇ, ಈ ಸಲ ನಾನೂ ಬರೆದುಕೊಳ್ಳುತ್ತಿರುತ್ತೇನೆ.