ಶಾಲು ತೆಗೀತೀರಾ ಸಾರ್?

ನಮ್ಮ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಮಂಜೂರಾದಾಗ ಅದರ ಉಸ್ತುವಾರಿ ಕನ್ನಡ ಮೇಷ್ಟ್ರಾದ ನನ್ನ ಕೊರಳಿಗೆ ಬಿತ್ತು. ವಿಜ್ಞಾನದ ಮೇಡಂ ಗಣತಿ ಕೆಲಸಕ್ಕೆ ಹೋಗಿದ್ದರು. ಗಣಿತದವರಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಚಿಂತೆ. "ಸಂಧಿ, ಸಮಾಸ ಜೋಡಿಸೋರು ನೀವು. ವೈರು ಜೋಡಿಸೋದು ಯಾವ ಮಹಾ?" ಎಂದರು ಹೆಡ್ಮಾಸ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಪ್ಪಿಸಿಕೊಂಡವರ ಚಪ್ಪಾಳೆಗೆ ಸದ್ದು ಜಾಸ್ತಿ.

ಕೈಕೆಲಸಕ್ಕೂ ನನಗೂ ಹಳೆಯ ವೈರ. ಕಸುಬಿನ ಮೂಲಕವೇ ಪಾಠ ಆಗಬೇಕು ಎಂದು 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮ್, ನಮ್ಮೂರ ಶಾಲೆಗೆ ಬರುವಷ್ಟರಲ್ಲಿ ವಾರಕ್ಕೊಂದು ತಕಲಿ ಪಿರಿಯಡ್ಡಾಗಿ ಸೊರಗಿತ್ತು. ನಾನು ತಿರುಗಿಸಿದರೆ ತಕಲಿ ನೆಲಕ್ಕೆ, ಹತ್ತಿ ಮೂಗಿಗೆ. ಪರೀಕ್ಷೆಗೆ ನಾನು ಒಪ್ಪಿಸಿದ ಲಡಿ ಪಕ್ಕದ ಮನೆ ಅಜ್ಜಿ ತೆಗೆದದ್ದು. ಮೇಷ್ಟ್ರು ಅದನ್ನು ಎತ್ತಿ ಹಿಡಿದು, "ನೋಡ್ರೋ, ನೂಲು ಅಂದ್ರೆ ಹೀಗಿರಬೇಕು" ಎಂದರು. ಅಜ್ಜಿ ಫಸ್ಟ್ ಕ್ಲಾಸಿನಲ್ಲಿ ಪಾಸಾದರು.

ಈಗ ತಕಲಿಯ ಜಾಗಕ್ಕೆ ಆರ್ಡುಯಿನೊ, ಸೆನ್ಸರು, ತ್ರೀಡಿ ಪ್ರಿಂಟರು ಬಂದಿವೆ. 2016ರಲ್ಲಿ ನೀತಿ ಆಯೋಗದಡಿ ಶುರುವಾದ ಈ ಯೋಜನೆಯಲ್ಲಿ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳು ಬಿಚ್ಚಿ, ಜೋಡಿಸಿ, ಕೆಡಿಸಿ ಕಲಿಯಲಿ ಎಂಬುದು ಉದ್ದೇಶ. 'ಕೆಡಿಸಿ' ಎಂದೊಡನೆ ಹೆಡ್ಮಾಸ್ಟರು ಬೆವರಿದರು. ಸ್ಕ್ರೂ ಸಮೇತ ಎಲ್ಲವೂ ಸ್ಟಾಕ್ ರಿಜಿಸ್ಟರಿಗೆ ಏರಿತು, ಬೀಗದ ಕೈ ನನ್ನ ಜೇಬಿಗೆ ಇಳಿಯಿತು. ಮಕ್ಕಳು ಕಿಟಕಿಯಿಂದ ನೋಡಿ ಕಲಿಯತೊಡಗಿದರು. ಬೆಂಕಿಕಡ್ಡಿಗೆ ಸೈಕಲ್ಲಿನ ವಾಲ್ವ್ ಟ್ಯೂಬು ಸಿಕ್ಕಿಸಿ ಮಕ್ಕಳಿಗೆ ಜ್ಯಾಮಿತಿ ಕಲಿಸಿದ ಅರವಿಂದ್ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಲಕ್ಷಾಂತರ ರೂಪಾಯಿಯ ಸಾಮಾನಿಗೆ ಧೂಳು ಹಿಡಿಸಿದ ನನಗೆ ಮೆಮೊ ಬಂತು.

ಮೆಮೊಗೆ ಮದ್ದು ವಸ್ತುಪ್ರದರ್ಶನ. ಬೀಗ ತೆಗೆದದ್ದೇ ತಡ, ಎಂಟನೇ ಕ್ಲಾಸಿನ ಮೂವರು ಹುಡುಗಿಯರು ಹತ್ತಿರ ಹೋದರೆ ತಾನೇ ಬಾಯಿ ತೆರೆಯುವ ಕಸದ ಬುಟ್ಟಿ ಮಾಡಿಯೇಬಿಟ್ಟರು. ಬುಟ್ಟಿಯ ಎದೆಯ ಮೇಲೆ ಎರಡು ಕಣ್ಣಿನಂಥ ಸೆನ್ಸರು. ಒಂದು ಕಣ್ಣು 40 ಕಿಲೋಹರ್ಟ್ಜ್ ಸದ್ದು ಬಿಡುತ್ತದೆ, ಇನ್ನೊಂದು ಅದರ ಮಾರ್ದನಿಗೆ ಕಾಯುತ್ತದೆ, ಬಾವಲಿಯ ವಿದ್ಯೆ. ನಮ್ಮ ಕಿವಿಯ ಓಟ 20 ಕಿಲೋಹರ್ಟ್ಜಿಗೇ ಮುಗಿಯುವುದರಿಂದ ಅದರ ಕೂಗಾಟ ನಮಗೆ ಕೇಳಿಸದು. ನನ್ನ ಕೊಡುಗೆಯೇನೆಂದರೆ ಬುಟ್ಟಿಯ ಮೇಲೆ 'ನನ್ನನ್ನು ಬಳಸಿ' ಎಂದು ಕಾಗುಣಿತ ತಪ್ಪಿಲ್ಲದೆ ಬರೆದದ್ದು. ಆಮೇಲೆ ರಿಜಿಸ್ಟರನ್ನು ಎದೆಗವಚಿಕೊಂಡು ಮತ್ತೆ ಮತ್ತೆ ಎದುರು ನಿಂತು ಪರೀಕ್ಷಿಸಿದೆ. ಪ್ರತಿ ಸಲವೂ ಬಾಯಿ ತೆರೆಯಿತು.

ಅತಿಥಿಗಳಿಗೆ ನೆನಪಿನ ಕಾಣಿಕೆಯನ್ನೂ ಪ್ರಿಂಟರಿನಲ್ಲೇ ಮಾಡೋಣ ಎಂಬ ದುರ್ಬುದ್ಧಿ ಮಾತ್ರ ಪೂರ್ತಿ ನನ್ನದು. ಗಂಡಭೇರುಂಡ! ಪ್ಲಾಸ್ಟಿಕ್ ದಾರ ಸುಮಾರು 200 ಡಿಗ್ರಿಯಲ್ಲಿ ಕರಗಿ, ಕಾಲಿನಿಂದ ಪದರ ಪದರವಾಗಿ ಏರುತ್ತ ಹೋಗಬೇಕು. ಗಂಟೆಗಟ್ಟಲೆ ಕೂತು ಕಾದೆ. ಹಕ್ಕಿ ಕುತ್ತಿಗೆಯವರೆಗೆ ಬಂದಾಗ ಕರೆಂಟು ಹೋಯಿತು. ಎರಡು ತಲೆ ಬೇಕಿದ್ದ ಕಡೆ ಒಂದೂ ಇಲ್ಲ. ರೆಕ್ಕೆ ಬಿಚ್ಚಿ ನಿಂತ ಅದು ಭಾನುವಾರ ಅಂಗಡಿಯಲ್ಲಿ ಶುಚಿ ಮಾಡಿಕೊಟ್ಟ ಕೋಳಿಯಂತಿತ್ತು. ಮತ್ತೆ ಮಾಡಲು ಸಮಯವಿರಲಿಲ್ಲ. ಮಾರನೆಯ ದಿನ ವೇದಿಕೆಯ ಮೇಲೆ 'ನವ್ಯ ಶಿಲ್ಪ' ಎಂದು ಹೇಳಿ ಕೊಟ್ಟುಬಿಟ್ಟೆ. ಕನ್ನಡ ಎಂಎ ಇಂಥ ಕಡೆ ಕೈಹಿಡಿಯುತ್ತದೆ.

ಹಾರ, ಪೇಟ, ದಪ್ಪನೆಯ ಉಣ್ಣೆಯ ಶಾಲು ಸಮೇತ ಅತಿಥಿಗಳು ಬುಟ್ಟಿಯ ಮುಂದೆ ನಿಂತರು. ಬುಟ್ಟಿ ಬಾಯಿ ಬಿಡಲಿಲ್ಲ. ಹಿಂದೆ ಸರಿದು ಬಂದರು, ಇಲ್ಲ. ನಾನು "ನಾಚಿಕೆ ಸಾರ್ ಅದಕ್ಕೆ, ಹೊಸಬರು" ಎಂದು ಹಲ್ಲು ಕಿರಿದೆ. ಹೆಡ್ಮಾಸ್ಟರು ನನ್ನತ್ತ ನೋಡಿದ ನೋಟದಲ್ಲಿ ಇನ್ನೊಂದು ಮೆಮೊ ಟೈಪಾಗುತ್ತಿತ್ತು. ಆಗ ಮೂವರಲ್ಲಿ ಚಿಕ್ಕವಳು ಮುಂದೆ ಬಂದು, "ಶಾಲು ತೆಗೀತೀರಾ ಸಾರ್?" ಎಂದಳು.

ಸಭೆ ಗಕ್ಕನೆ ನಿಂತಿತು. ಈಗಷ್ಟೇ ಹೊದಿಸಿದ ಶಾಲು!

"ಮೆತ್ತನೆ ಬಟ್ಟೆ ಸದ್ದು ಕುಡಿದುಬಿಡುತ್ತೆ ಸಾರ್, ವಾಪಸ್ ಬರಲ್ಲ. ನಮ್ ಮೇಷ್ಟ್ರ ಕೈಲಿ ಯಾವಾಗ್ಲೂ ರಿಜಿಸ್ಟರ್ ಇರುತ್ತಲ್ಲ, ಅದರ ರಟ್ಟು ಗಟ್ಟಿ. ಅದಕ್ಕೇ ಇವರಿಗೆ ತೆಗೀತಿತ್ತು."

ಅಂದರೆ ಅಷ್ಟು ದಿನ ಬುಟ್ಟಿ ಮರ್ಯಾದೆ ಕೊಟ್ಟದ್ದು ರಿಜಿಸ್ಟರಿಗೆ. ಅತಿಥಿಗಳು ದೊಡ್ಡ ಮನಸ್ಸಿನವರು. ನಗುತ್ತ ಹಾರ, ಶಾಲು ಎರಡನ್ನೂ ತೆಗೆದು ನನ್ನ ಹೆಗಲಿಗೆ ಹಾಕಿ, ಇನ್ನೊಂದು ಹೆಜ್ಜೆ ಮುಂದಿಟ್ಟರು. ಟಪ್ಪನೆ ಬಾಯಿ ತೆರೆಯಿತು. ಮಕ್ಕಳು ಕೇಕೆ ಹಾಕಿದರು. ತೆರೆದ ಬುಟ್ಟಿಗೆ ಏನಾದರೂ ಹಾಕಬೇಕಲ್ಲ? ಅವರು ಕೈಯಲ್ಲಿದ್ದ ನವ್ಯ ಶಿಲ್ಪವನ್ನೊಮ್ಮೆ ನೋಡಿದರು. "ಓ, ಇದನ್ನ ಇದಕ್ಕೇ ಅಂತ ಕೊಟ್ಟಿದ್ರಾ!" ಎನ್ನುತ್ತ ಒಳಗೆ ಹಾಕಿದರು. ಎಲ್ಲಕ್ಕಿಂತ ಜೋರು ಚಪ್ಪಾಳೆ ಅದಕ್ಕೇ ಬಂತು.

ಶಾಲು ಹೊದ್ದು ನಿಂತಿದ್ದ ನನ್ನ ಕಿವಿಯ ಹತ್ತಿರ ಬಾಗಿ ಹೆಡ್ಮಾಸ್ಟರು ಪಿಸುಗುಟ್ಟಿದರು: "ಮೇಷ್ಟ್ರೇ, ಆ ಕೋಳಿ ಸ್ಟಾಕಿಗೆ ಏರಿದೆ. ಅವರು ಕಾರು ಹತ್ತಿದ ಮೇಲೆ ತೆಗೆದಿಟ್ಟುಬಿಡಿ."