ಎಸ್ಟೀಮಿಗೆ ರೆಕ್ಕೆ ಬಂತು

ಅಪ್ಪ ಸಾಲ ಮಾಡಿ ಕೊಂಡ ಎಸ್ಟೀಮನ್ನು ಮಗ ಸಾಲ ಮಾಡಿ ರೇಸ್ ಕಾರಾಗಿಸುತ್ತಿದ್ದಾನೆ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥದೊಂದು ಮನೆ ಸಿಗುತ್ತದೆ. ಗೇಟಿನೊಳಗೆ ಜಾಕಿ ಮೇಲೆ ನಿಂತ ಕಾರು, ಅದರಡಿಯಿಂದ ಚಾಚಿದ ಎರಡು ಕಾಲು, ಜಗಲಿಯಲ್ಲಿ ಕಾರಿನ ಹಿಂದಿನ ಸೀಟು. ತೂಕ ಇಳಿಸಲೆಂದು ಕಿತ್ತ ಆ ಸೀಟಿನ ಮೇಲೆ ಅಜ್ಜಿ ಕಾಲು ನೀಡಿ ಕೂತು ಅವರೆಕಾಯಿ ಸುಲಿಯುತ್ತಾರೆ. ಇಡೀ ಯೋಜನೆಯಲ್ಲಿ ಈವರೆಗೆ ಲಾಭ ಕಂಡವರು ಅವರೊಬ್ಬರೇ.

ಕಾರಿನ ಆಯ್ಕೆಯಲ್ಲಿ ತಪ್ಪಿಲ್ಲ. 1994ರಲ್ಲಿ ಬಂದ ಎಸ್ಟೀಮ್ ಟನ್ನಿಗಿಂತ ಹಗುರ, 1.3 ಲೀಟರಿನ ಇಂಜಿನ್ ಚುರುಕು. ನಮ್ಮ ರೇಸು, ರ‍್ಯಾಲಿಗಳಲ್ಲಿ ಓಡಿ ಹೆಸರು ಮಾಡಿದ ಗಾಡಿ ಅದು. ಆದರೆ ಅಲ್ಲಿ ಓಡಿಸಿದವರು ಕಾರು ಮಗುಚಿದರೆ ತಲೆ ಉಳಿಯಲಿ ಅಂತ ಮೊದಲು ಒಳಗೆ ಉಕ್ಕಿನ ರೋಲ್ ಕೇಜ್ ಹಾಕಿಸುತ್ತಿದ್ದರು. ನಮ್ಮ ಹುಡುಗ ಮೊದಲು ಹಾಕಿಸಿದ್ದು ಸ್ಟಿಕ್ಕರ್. ಆಮೇಲೆ ಹಿಂಬದಿಗೆ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅಲೆದು ತಂದ ರೆಕ್ಕೆ.

ಗಾಳಿ ರೆಕ್ಕೆಯನ್ನು ಕೆಳಕ್ಕೊತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 120 ಕಿ.ಮೀ. ವೇಗದಲ್ಲಿ ಸಿಗುವ ಒತ್ತಡದಲ್ಲಿ 20 ಕಿ.ಮೀ.ಗೆ ಉಳಿಯುವುದು 36ರಲ್ಲಿ ಒಂದು ಪಾಲು. ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು ಬೇಕಿತ್ತು, ಅಂದರೆ ಗಂಟೆಗೆ ಸುಮಾರು 21 ಕಿ.ಮೀ. ಆ ವೇಗಕ್ಕೆ ರೆಕ್ಕೆಯ ಮೇಲೆ ಒಂದು ಕಾಗೆ ಕೂತರೂ ಹೆಚ್ಚುಕಮ್ಮಿ ಅಷ್ಟೇ ಭಾರ ಬೀಳುತ್ತದೆ. ಸಾಲದ್ದಕ್ಕೆ ಎಸ್ಟೀಮಿನ ಇಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ರೆಕ್ಕೆ ಒತ್ತುವುದು ಹಿಂದಿನವನ್ನು.

ಕಾರು ನೆಲಕ್ಕಂಟಿದ ಹಾಗೆ ಕಾಣಲಿ ಅಂತ ಸ್ಪ್ರಿಂಗುಗಳನ್ನು ಒಂದೊಂದು ಸುತ್ತು ಕೊಯ್ದದ್ದಾಯಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಅಡ್ಡರಸ್ತೆಯ ಹಂಪನ್ನು ಹಾಕಿದ್ದು ಯಾವ ಕಾಂಗ್ರೆಸ್ಸೂ ಅಲ್ಲ, ರಾತ್ರಿ ಬಂದ ಮೇಸ್ತ್ರಿ. ಈಗ ಹಂಪು ಬಂದಾಗಲೆಲ್ಲ ಪಕ್ಕದಲ್ಲಿ ಕೂತ ಗೆಳೆಯ ಇಳಿಯುತ್ತಾನೆ, ಕಾರು ಓರೆಯಾಗಿ ತೆವಳಿ ದಾಟಿದ ಮೇಲೆ ಹತ್ತುತ್ತಾನೆ. ಪಿಟ್ ಸ್ಟಾಪ್ ಅಂದರೆ ಇದೇ ಇರಬೇಕು. ಸೈಲೆನ್ಸರಿನ ಹೊಟ್ಟೆ ಬಗೆದದ್ದರಿಂದ ಸದ್ದು ಮಾತ್ರ ನೂರೈವತ್ತರದು.

"ಬ್ರೇಕಿಗೇನು ಮಾಡಿಸಿದೆಯಪ್ಪಾ?" ಅಂದೆ.

"ಡ್ರಮ್ಮಿಗೆ ಕೆಂಪು ಬಣ್ಣ ಹೊಡೆದಿದ್ದೀನಿ ಅಂಕಲ್."

ಕಾಯ್ದೆಗೂ ಈ ಹವ್ಯಾಸದ ಮೇಲೆ ಕಣ್ಣಿದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಆರ್‌ಸಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ.

ಓಡಿಸುವ ಹುಚ್ಚು ನಿಜವಾದದ್ದಾದರೆ ಶ್ರೀಪೆರಂಬುದೂರಿನ ಬಳಿ 1990ರಿಂದ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ. ಸ್ಪರ್ಧೆಗಿಳಿಯಲು ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಲೈಸೆನ್ಸ್, ರೋಲ್ ಕೇಜ್, ಹೆಲ್ಮೆಟ್, ಬೆಂಕಿ ತಡೆಯುವ ಉಡುಪು ಬೇಕು. ಇಷ್ಟು ಹಾಕಿದ ಮೇಲೆ ಕಾರನ್ನು ರಸ್ತೆಯಲ್ಲಿ ಓಡಿಸಬೇಡಪ್ಪಾ, ಲಾರಿ ಮೇಲೆ ಹೇರಿಕೊಂಡು ಹೋಗು. ಹೇರುವ ಮುಂಚೆ ಆ ಕೆಂಪು ಡ್ರಮ್ಮಿನೊಳಗಿನ ಲೈನರ್ ಒಮ್ಮೆ ಬದಲಿಸು.