ಡ್ಯೂಕನೋ, ಬಾರ್ ಮಾಲೀಕನೋ?

ಪ್ರೇಮ ಕಾದಂಬರಿಗಳ ಕಟ್ಟಾ ಓದುಗಿಯೊಬ್ಬರಿಗೆ ಡ್ಯೂಕರ ಮೇಲೆ ಭಾರೀ ಅನುಮಾನ. ಇಂಥ ಕಥೆಗಳು ನಡೆಯುವ ಇಂಗ್ಲೆಂಡಿನ ರೀಜೆನ್ಸಿ ಕಾಲ ಇದ್ದದ್ದೇ 1811ರಿಂದ 1820ರವರೆಗೆ. ಆಗಿನ ಡ್ಯೂಕರೋ ಕೆಲವೇ ಮಂದಿ, ಅವರಲ್ಲೂ ಹಲವರು ಸಂಸಾರಸ್ಥರು. ಕಾದಂಬರಿಗಳಲ್ಲಿ ಮಾತ್ರ ಮದುವೆಯಾಗದ, ಹಲ್ಲೆಲ್ಲ ಗಟ್ಟಿಯಿರುವ ಡ್ಯೂಕರು ಸಂತೆಗಾಗುವಷ್ಟು!

1935ರಲ್ಲೇ ‘ರೀಜೆನ್ಸಿ ಬಕ್’ ಬರೆದ ಜಾರ್ಜೆಟ್ ಹೇಯರ್ ಬಗ್ಗೆ ಈ ಓದುಗಿಯ ತಕರಾರಿಲ್ಲ. ಜೂಲಿಯಾ ಕ್ವಿನ್ ಅವರ ಕಾದಂಬರಿಗಳಲ್ಲಿ ಬ್ರಿಡ್ಜರ್ಟನ್ ಮನೆಯ ಎಂಟು ಮಕ್ಕಳಿಗೆ ‘ಎ’ಯಿಂದ ‘ಎಚ್’ವರೆಗೆ ವರಸೆಯಾಗಿ ಹೆಸರು. ಹಾಜರಿ ಕೂಗಲು ಅನುಕೂಲ.

ಪುಟ್ಟ ಊರಿನ ಪ್ರೇಮವೆಂದರೆ ಮಾತ್ರ ಈ ಓದುಗಿ ಕರಗುತ್ತಾರೆ. ರಾಬಿನ್ ಕಾರ್ ಅವರ ‘ವರ್ಜಿನ್ ರಿವರ್’ನಲ್ಲಿ ಲಾಸ್ ಏಂಜಲೀಸಿನ ನರ್ಸ್ ಮೆಲ್‌ಗೆ ಸಿಗುವುದು ಹಾಳುಬಿದ್ದ ಮನೆ, ಬಾರ್ ನಡೆಸುವ ಮಾಜಿ ಸೈನಿಕ ಜ್ಯಾಕ್ ಅದನ್ನು ತಾನೇ ನಿಂತು ರಿಪೇರಿ ಮಾಡುತ್ತಾನೆ.

ಮಾಡು ರಿಪೇರಿ ಮಾಡಿದ ಡ್ಯೂಕನನ್ನು ಆಕೆ ಇನ್ನೂ ಓದಿಲ್ಲ. ಹಾಗಾಗಿ ಓಟು ಜ್ಯಾಕ್‌ಗೇ.